ಘಟಪ್ರಭೆಯ ದಂಡೆಯಲ್ಲಿ ಪರಂಪರೆ ಪ್ರವಾಸ: ಬಸ್ಸು ಹತ್ತುವ ಮುನ್ನ ಕೈಯಲ್ಲಿರಬೇಕಾದ ಮಾಹಿತಿ

ಗೋಕಾಕ ಎಂದೊಡನೆ ಜಲಪಾತ ಮತ್ತು ಕರದಂಟು ನೆನಪಾಗುವುದು ಸಹಜ. ಮುಂಗಾರು ಬಲಿತ ದಿನಗಳಲ್ಲಿ ಶಾಲಾ ಮಕ್ಕಳನ್ನು, ನೌಕರರ ಸಂಘಗಳ ಸದಸ್ಯರನ್ನು, ಹಿರಿಯ ನಾಗರಿಕರನ್ನು ಹೊತ್ತ ಬಸ್ಸುಗಳು ಇಲ್ಲಿಗೆ ಬರುತ್ತವೆ. ಪ್ರವಾಸಿಗರು ನೀರು ಧುಮುಕುವುದನ್ನು ಕಂಡು, ಛಾಯಾಚಿತ್ರ ತೆಗೆಸಿಕೊಂಡು, ಕರದಂಟಿನ ಪೊಟ್ಟಣದೊಂದಿಗೆ ಮರಳುತ್ತಾರೆ. ಜಲಪಾತದ ಪಕ್ಕದಲ್ಲೇ ಇರುವ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯ ಹಲವರ ಪಾಲಿಗೆ ಬಿಸಿಲಿನಿಂದ ತಪ್ಪಿಸಿಕೊಳ್ಳುವ ನೆರಳು ಮಾತ್ರ. ಅದನ್ನು ಯಾರು ಯಾವಾಗ ಕಟ್ಟಿಸಿದರು, ಎದುರಿನ ಗಿರಣಿ ಇಲ್ಲಿಯೇ ಏಕೆ ನಿಂತಿತು, ಧುಮುಕುವ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ.

ಈ ಕೊರತೆಗೆ ಪ್ರವಾಸಿಗರನ್ನು ದೂರಿ ಪ್ರಯೋಜನವಿಲ್ಲ. ಊರಿಗೆ ಬಂದವನ ಕೈಯಲ್ಲಿ ಏನಿದೆ ಎಂಬುದರ ಮೇಲೆ ಅವನ ಕಣ್ಣಿಗೆ ಏನು ಬೀಳುತ್ತದೆ ಎಂಬುದು ನಿರ್ಧಾರವಾಗುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳನ್ನು ಉದಾಹರಣೆಯಾಗಿಟ್ಟುಕೊಂಡು, ಸಾಮೂಹಿಕ ಪ್ರವಾಸಕ್ಕೆ ಅಗತ್ಯವಾದ ಶೈಕ್ಷಣಿಕ ಸಾಮಗ್ರಿ ಹೇಗಿರಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ವಿವರಣೆಯೂ ಸಂರಕ್ಷಣೆಯೇ

ಸ್ಥಳವನ್ನು ವಿವರಿಸುವುದು ಒಂದು ಶಿಸ್ತು ಎಂಬ ತಿಳಿವಳಿಕೆ ಹೊಸದಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಅನುಭವದ ಆಧಾರದಲ್ಲಿ ಫ್ರೀಮನ್ ಟಿಲ್ಡನ್ 1957ರಲ್ಲಿ ಪ್ರಕಟಿಸಿದ ಗ್ರಂಥ ಇದಕ್ಕೆ ಆರು ತತ್ತ್ವಗಳನ್ನು ಹಾಕಿಕೊಟ್ಟಿತು. ಬರಿಯ ಮಾಹಿತಿ ವಿವರಣೆಯಾಗದು, ನೋಡುಗನ ಬದುಕಿಗೆ ತಾಗದ ಮಾತು ಫಲ ಕೊಡದು, ಮಕ್ಕಳಿಗೆ ಹೇಳುವುದೆಂದರೆ ದೊಡ್ಡವರಿಗೆ ಹೇಳಿದ್ದನ್ನು ತೆಳುಗೊಳಿಸುವುದಲ್ಲ ಎಂಬುವು ಅವುಗಳಲ್ಲಿ ಮುಖ್ಯವಾದವು. 1998ರಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವ ಪರಂಪರೆಯನ್ನು ತರಗತಿಯಲ್ಲಿ ಕಲಿಸಲು ಶಿಕ್ಷಕರಿಗಾಗಿ ಒಂದು ಕೈಪಿಡಿ ಹೊರತಂದಿತು. ಸ್ಮಾರಕ ಮತ್ತು ನಿವೇಶನಗಳ ಅಂತಾರಾಷ್ಟ್ರೀಯ ಮಂಡಳಿಯು 2008ರಲ್ಲಿ ಅಂಗೀಕರಿಸಿದ ಸನ್ನದಿನಲ್ಲಿ, ವಿವರಣೆಯು ನಂಬಲರ್ಹ ಆಧಾರಗಳ ಮೇಲೆ ನಿಂತಿರಬೇಕು ಹಾಗೂ ಸ್ಥಳೀಯರನ್ನು ಒಳಗೊಂಡಿರಬೇಕು ಎಂದು ಸ್ಪಷ್ಟಪಡಿಸಲಾಗಿದೆ.

ನಮ್ಮ ರಾಜ್ಯದಲ್ಲಿ ಶಾಲಾ ಪ್ರವಾಸದ ಪರಂಪರೆ ಬಲವಾಗಿದೆ. ಸರ್ಕಾರಿ ಶಾಲಾ ಮಕ್ಕಳಿಗಾಗಿ 'ಕರ್ನಾಟಕ ದರ್ಶನ'ದಂತಹ ಯೋಜನೆಗಳೂ ನಡೆದಿವೆ. ಹಂಪಿ, ಬಾದಾಮಿ, ವಿಜಯಪುರಗಳಿಗೆ ಹೋಗುವವರಿಗೆ ಪುಸ್ತಕಗಳಿವೆ, ಮಾರ್ಗದರ್ಶಿಗಳಿದ್ದಾರೆ. ಮಹಾನಗರಗಳಿಂದ ದೂರವಿರುವ ತಾಲ್ಲೂಕುಗಳಲ್ಲಿ ಈ ಅನುಕೂಲ ವಿರಳ. ಗೊತ್ತಿಲ್ಲದ ಕಲ್ಲು ಚಪ್ಪಡಿಯಾಗುತ್ತದೆ, ಗೊತ್ತಿಲ್ಲದ ಸಮಾಧಿ ಗಣಿಯಾಗುತ್ತದೆ. ಆದ್ದರಿಂದ ಇಂತಹ ಕಡೆ ಒಂದು ಪುಟ್ಟ ಕೈಹೊತ್ತಿಗೆಯೂ ಸಂರಕ್ಷಣೆಯ ಕೆಲಸವನ್ನೇ ಮಾಡುತ್ತದೆ.

ನದಿಯೇ ಅನುಕ್ರಮಣಿಕೆ

ಪ್ರವಾಸದ ಕೈಹೊತ್ತಿಗೆಗಳನ್ನು ಸಾಮಾನ್ಯವಾಗಿ ರಾಜವಂಶಗಳ ಕ್ರಮದಲ್ಲಿ ಬರೆಯಲಾಗುತ್ತದೆ. ಬಸ್ಸು ಮಾತ್ರ ಕಾಲಾನುಕ್ರಮದಲ್ಲಿ ಓಡುವುದಿಲ್ಲ. ಈ ಮೂರು ತಾಲ್ಲೂಕುಗಳನ್ನು ಪೋಣಿಸುವ ದಾರವೆಂದರೆ ಘಟಪ್ರಭಾ ನದಿ. ಪಶ್ಚಿಮ ಘಟ್ಟದಲ್ಲಿ ಹುಟ್ಟುವ ಈ ನದಿ ಹುಕ್ಕೇರಿ ಸೀಮೆಯನ್ನು ಹಾದು, ಗೋಕಾಕದ ಮರಳುಗಲ್ಲಿನ ಬಂಡೆಯಿಂದ ಧುಮುಕಿ, ಮೂಡಲಗಿಯ ಬಯಲಿಗೆ ಹರಿದು, ಬಾಗಲಕೋಟೆ ಜಿಲ್ಲೆಯ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ಇದರ ಉಪನದಿಗಳು. ಆದಕಾರಣ ಕೈಹೊತ್ತಿಗೆಯ ಮೊದಲ ಪುಟದಲ್ಲಿ ನದಿಯ ನಕ್ಷೆಯೊಂದಿರಲಿ. ಪ್ರತಿಯೊಂದು ನಿಲುಗಡೆಯೂ ಆ ನಕ್ಷೆಯ ಮೇಲಿನ ಒಂದು ಚುಕ್ಕೆಯಾಗಲಿ.

ಹುಕ್ಕೇರಿ: ಮುಳುಗಿದ ಗುಡಿ, ನಿಂತ ಗುಮ್ಮಟ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕೆ ವಂಟಮುರಿಯ ದಾನಿ ರಾಜಾ ಲಖಮಗೌಡರ ಹೆಸರನ್ನಿಡಲಾಗಿದೆ. ಅಣೆಕಟ್ಟು 1977ರಲ್ಲಿ ಪೂರ್ಣಗೊಂಡಿತು. ಸಂಗ್ರಹ ಸಾಮರ್ಥ್ಯ ಸುಮಾರು 51 ಟಿಎಂಸಿ ಅಡಿ. ಅಣೆಕಟ್ಟಿನ ಮೇಲೆ ನಿಂತ ಪ್ರವಾಸಿಗೆ ಕಾಣುವುದು ವಿಸ್ತಾರವಾದ ನೀರು ಮಾತ್ರ. ಆ ನೀರಿನಡಿಯಲ್ಲಿ ಹೊಲ, ಮನೆ, ಗುಡಿಗಳಿದ್ದ ನೆಲವಿದೆ. ಹುನ್ನೂರಿನ ವಿಠ್ಠಲ ದೇವಸ್ಥಾನ ಜಲಾಶಯ ತುಂಬಿದಾಗ ಮುಳುಗಿ, ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ.

ಇಲ್ಲಿ ಪ್ರವಾಸ ಸಂಘಟಕರು ಗಮನಿಸಬೇಕಾದ ಸಂಗತಿಯೊಂದಿದೆ. ಗೋಕಾಕ ಜಲಪಾತ ಮೈದುಂಬುವುದು ಮಳೆಗಾಲದಲ್ಲಿ. ಹುನ್ನೂರಿನ ಗುಡಿ ಹೊರಬರುವುದು ಬೇಸಿಗೆಯಲ್ಲಿ. ಎರಡನ್ನೂ ಒಂದೇ ಪ್ರವಾಸದಲ್ಲಿ ಪೂರ್ಣ ರೂಪದಲ್ಲಿ ಕಾಣುವುದು ಸಾಧ್ಯವಿಲ್ಲ. ಕಣ್ಣಿಗೆ ಸಿಗದ ಅರ್ಧವನ್ನು ಕೈಹೊತ್ತಿಗೆಯೇ ಒದಗಿಸಬೇಕು. ಮಳೆಗಾಲದ ತಂಡಕ್ಕೆ ಬೇಸಿಗೆಯ ಗುಡಿಯ ಚಿತ್ರ, ಬೇಸಿಗೆಯ ತಂಡಕ್ಕೆ ತುಂಬಿದ ಜಲಪಾತದ ಚಿತ್ರ ಜೊತೆಗಿದ್ದರೆ, ನದಿಯ ಇಡೀ ವರ್ಷ ಮನಸ್ಸಿಗೆ ಬರುತ್ತದೆ. ಕೆಳಗಿನ ಹೊಲಗಳಿಗೆ ಹರಿಯುವ ನೀರಿಗೆ ಮೇಲಿನ ಊರುಗಳು ತೆತ್ತ ಬೆಲೆಯೂ ಅರ್ಥವಾಗುತ್ತದೆ.

ಹುಕ್ಕೇರಿ ಪಟ್ಟಣದಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ವಿಜಯಪುರದ ಗೋಲಗುಮ್ಮಟವನ್ನು ಕಂಡವರಿಗೆ ಇವು ಚಿಕ್ಕವೆನಿಸಬಹುದು. ಆದರೆ ಗೋಲಗುಮ್ಮಟ 17ನೇ ಶತಮಾನದ ನಡುಭಾಗದ ಮೊಹಮ್ಮದ್ ಆದಿಲ್‌ಶಾಹನ ಸಮಾಧಿ. ಹುಕ್ಕೇರಿಯು ಅದಕ್ಕಿಂತ ಮುಂಚೆಯೇ, 16ನೇ ಶತಮಾನದಲ್ಲಿ, ವಿಜಯಪುರದ ಸರದಾರರ ನೆಲೆಯಾಗಿತ್ತು. ಗುಮ್ಮಟದ ಕಟ್ಟೋಣ ಹೇಗೆ ಬೆಳೆಯಿತು ಎಂಬುದನ್ನು ತಿಳಿಯಲು ಎರಡರ ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಮುದ್ರಿಸಿದರೆ ಸಾಕು. ಹೂವಿನ ಕೇರಿ ಎಂಬುದೇ ಹುಕ್ಕೇರಿಯಾಯಿತು ಎಂಬ ಐತಿಹ್ಯವನ್ನು ಸೇರಿಸಬಹುದು. ಅದು ಐತಿಹ್ಯ ಎಂಬ ಗುರುತಿನೊಂದಿಗೇ ಸೇರಿಸಬೇಕು.

ಇದೇ ತಾಲ್ಲೂಕಿನ ಸಂಕೇಶ್ವರವು ಹಿರಣ್ಯಕೇಶಿಯ ದಂಡೆಯಲ್ಲಿದೆ. ಅಲ್ಲಿಯ ಶಂಕರಲಿಂಗ ದೇವಾಲಯ ಪ್ರಸಿದ್ಧ. ಘಟಪ್ರಭೆಯ ದಂಡೆಯ ಘೋಡಗೇರಿ, ಜ್ಞಾನಪೀಠ ಪುರಸ್ಕೃತ ಸಾಹಿತಿ ಚಂದ್ರಶೇಖರ ಕಂಬಾರರು 1937ರಲ್ಲಿ ಜನಿಸಿದ ಗ್ರಾಮ. ಅವರ ಕೃತಿಗಳ ಶಿವಾಪುರವನ್ನು ಓದಿದವರು ಈ ದಂಡೆಯ ಮಾತಿನ ಲಯವನ್ನು ಇಲ್ಲಿಯ ಸಂತೆಯಲ್ಲೂ ಕೇಳಬಹುದು. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೂ ಪ್ರವಾಸಿಗರಿಗೆ ಹೇಳಬೇಕಾದ ಸಂಗತಿಯೇ. ಗ್ರಾಹಕರೇ ಸದಸ್ಯರಾಗಿ ಹಳ್ಳಿಗಳಿಗೆ ವಿದ್ಯುತ್ ಹಂಚುವ ವ್ಯವಸ್ಥೆ ರಾಜ್ಯದಲ್ಲಿ ಅಪರೂಪವಾದುದು.

ಗೋಕಾಕ: ಒಂದೇ ನೋಟದಲ್ಲಿ ನಾಲ್ಕು ಕಾಲ

ಜಲಪಾತಕ್ಕೆ ಮುನ್ನ ಧೂಪದಾಳದಲ್ಲಿ ನಿಲ್ಲುವುದು ಒಳಿತು. 19ನೇ ಶತಮಾನದ ಅಂತ್ಯಭಾಗದಲ್ಲಿ ನೀರಾವರಿಗಾಗಿ ಇಲ್ಲಿ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಲಾಯಿತು. ನಿಂತ ನೀರು ವಲಸೆ ಹಕ್ಕಿಗಳನ್ನು ಕರೆಯಿತು. 1974ರಲ್ಲಿ ಸುಮಾರು 29.78 ಚದರ ಕಿಲೋಮೀಟರ್ ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಲಾಯಿತು. ಮನುಷ್ಯ ಕಟ್ಟಿದ ಒಡ್ಡೇ ಪಕ್ಷಿಗಳ ನೆಲೆಯಾದ ಬಗೆಯನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ತಾಣ ಬೇಕಿಲ್ಲ.

ಸಮೀಪದ ಕೊಣ್ಣೂರು ಶಾಸನಗಳಲ್ಲಿ ಕೊಂಡನೂರು ಎಂದು ಕರೆಯಲ್ಪಟ್ಟಿದೆ. ಇಲ್ಲಿ ಬೃಹತ್ ಶಿಲಾ ಸಮಾಧಿಗಳಿವೆ. ಚಪ್ಪಡಿಕಲ್ಲುಗಳನ್ನು ಗೋಡೆಯಂತೆ ನಿಲ್ಲಿಸಿ ಮೇಲೊಂದು ಕಲ್ಲು ಹೊದಿಸಿದ ಇಂತಹ ರಚನೆಗಳನ್ನು ಜನರು ಪಾಂಡವರ ಮನೆ ಎಂದು ಕರೆಯುವುದುಂಟು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲಿ ಇದೇ ಬಗೆಯ ನೂರಾರು ಸಮಾಧಿಗಳಿದ್ದು, ಅದು 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಇದೇ ಹೆಸರಿನ ಇನ್ನೊಂದು ಕೊಣ್ಣೂರು ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನಲ್ಲಿದೆ. ರಾಷ್ಟ್ರಕೂಟ ಅಮೋಘವರ್ಷನ ಹೆಸರಿನೊಂದಿಗೆ ಪ್ರಸಿದ್ಧವಾದ ಶಾಸನ ಆ ಊರಿನದು. ಅಂತರ್ಜಾಲದಿಂದ ಆತುರದಲ್ಲಿ ಮಾಹಿತಿ ಇಳಿಸಿಕೊಂಡವರು ಎರಡನ್ನೂ ಬೆರೆಸಿಬಿಡುವ ಅಪಾಯವಿದೆ.

ಇನ್ನು ಜಲಪಾತ. ಕುದುರೆಯ ಲಾಳದ ಆಕಾರದ ಬಂಡೆಯ ಅಂಚಿನಿಂದ ನದಿ ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತದೆ. ಅದರ ಮೇಲ್ಭಾಗದಲ್ಲಿ ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯಿದೆ. ಅಲ್ಲಿ ನಿಂತು ಸುತ್ತ ನೋಡಿದರೆ ನಾಲ್ಕು ಕಾಲಗಳು ಕಾಣುತ್ತವೆ: ಮನುಷ್ಯನಿಗಿಂತ ಎಷ್ಟೋ ಹಿಂದಿನ ಮರಳುಗಲ್ಲಿನ ಪದರ, ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯ ದೇವಾಲಯ, 19ನೇ ಶತಮಾನದ ಹತ್ತಿ ಗಿರಣಿ ಮತ್ತು ಇಂದಿನ ಪೇಟೆ. ಈ ನಾಲ್ಕನ್ನು ಬೆರಳಿಟ್ಟು ತೋರಿಸುವ ಒಂದು ರೇಖಾಚಿತ್ರ ಹತ್ತು ಪುಟದ ಲೇಖನಕ್ಕಿಂತ ಹೆಚ್ಚು ಉಪಯುಕ್ತ.

ಗಿರಣಿಯ ಕಂಪನಿ ನೋಂದಣಿಯಾದದ್ದು 1885ರಲ್ಲಿ. ನೂಲು ತೆಗೆಯುವ ಕೆಲಸ 1887ರಲ್ಲಿ ಆರಂಭವಾಯಿತು. ಏಷ್ಯಾದಲ್ಲೇ ಮೊದಲ ಬಾರಿಗೆ ವಿದ್ಯುತ್ ಉತ್ಪಾದನೆಯಾದದ್ದು ಇಲ್ಲಿಯೇ, 1887ರಲ್ಲಿ ಎಂಬ ಮಾತು ಪ್ರವಾಸಿ ಬರಹಗಳಲ್ಲೆಲ್ಲ ಕಾಣುತ್ತದೆ. ಭಾರತದ ವಿದ್ಯುತ್ ಇತಿಹಾಸದಲ್ಲಾದರೋ ಜಲವಿದ್ಯುತ್ತಿನ ಮೊದಲ ಸ್ಥಾನವನ್ನು 1897ರ ಡಾರ್ಜಿಲಿಂಗ್ ಸಮೀಪದ ಸಿದ್ರಾಪಾಂಗ್ ಸ್ಥಾವರಕ್ಕೆ ಕೊಡುವುದು ರೂಢಿ. ಕರ್ನಾಟಕದ ಶಿವನಸಮುದ್ರದ ಸ್ಥಾವರ 1902ರದು. ಬೀಳುವ ನೀರಿನ ಬಲದಿಂದ ಯಂತ್ರವನ್ನು ನೇರವಾಗಿ ತಿರುಗಿಸುವುದು ಬೇರೆ, ಅದೇ ಬಲವನ್ನು ವಿದ್ಯುತ್ತಾಗಿ ಮಾರ್ಪಡಿಸುವುದು ಬೇರೆ, ಅದನ್ನು ಊರಿಗೆ ಹಂಚುವುದು ಮತ್ತೂ ಬೇರೆ. ಈ ಮೂರು ಹಂತಗಳನ್ನು ಬಿಡಿಸಿ ಹೇಳಿದರೆ ವಿದ್ಯಾರ್ಥಿಗೆ ವಿಜ್ಞಾನದ ಪಾಠವೂ ಆಗುತ್ತದೆ, ಹೇಳಿಕೆಯನ್ನು ಪರೀಕ್ಷಿಸುವ ಅಭ್ಯಾಸವೂ ಬೆಳೆಯುತ್ತದೆ. 'ಮೊಟ್ಟಮೊದಲು' ಎಂಬ ಪಟ್ಟವಿಲ್ಲದಿದ್ದರೂ ಗೋಕಾಕದ ಗಿರಣಿಯ ಮಹತ್ವ ಕುಂದುವುದಿಲ್ಲ.

ಮತ್ತೊಂದು ಗೊಂದಲವನ್ನೂ ನಿವಾರಿಸಬೇಕು. ಗೋಕಾಕ ಚಳವಳಿ ನಡೆದದ್ದು ಈ ಊರಿನ ಹೆಸರಿನಿಂದಲ್ಲ. ಶಾಲೆಗಳಲ್ಲಿ ಕನ್ನಡದ ಸ್ಥಾನ ಕುರಿತು 1981ರಲ್ಲಿ ವರದಿ ನೀಡಿದ ಸಮಿತಿಯ ಅಧ್ಯಕ್ಷರು ವಿ.ಕೃ. ಗೋಕಾಕರು. ಆ ವರದಿಯ ಜಾರಿಗಾಗಿ 1982ರಲ್ಲಿ ನಾಡಿನಾದ್ಯಂತ ಹೋರಾಟ ನಡೆಯಿತು. ಗೋಕಾಕರು ಜನಿಸಿದ್ದು ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ. ಗೋಕಾಕ ಸೀಮೆಗೆ ತನ್ನದೇ ಆದ ಸಾಹಿತಿಗಳಿದ್ದಾರೆ. 'ಆನಂದಕಂದ' ಬೆಟಗೇರಿ ಕೃಷ್ಣಶರ್ಮರು ಬೆಟಗೇರಿಯವರು, ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರು ಮಲಾಮರಡಿಯವರು.

ಮೂಡಲಗಿ: ಶಾಸನ ಮತ್ತು ರಂಗ

ಮೂಡಲಗಿ 2018ರಲ್ಲಿ ಗೋಕಾಕದಿಂದ ಬೇರ್ಪಟ್ಟು ಹೊಸ ತಾಲ್ಲೂಕಾಯಿತು. ಹಳೆಯ ಗ್ರಂಥಗಳಲ್ಲಿ ಇಲ್ಲಿಯ ಊರುಗಳನ್ನು ಗೋಕಾಕ ತಾಲ್ಲೂಕಿನ ಅಡಿಯಲ್ಲೇ ಹುಡುಕಬೇಕು. ಜಿಲ್ಲೆಯ ಹೆಸರು 2014ರ ನವೆಂಬರ್ 1ರಿಂದ ಬೆಳಗಾವಿ ಎಂದಾದುದನ್ನೂ ನೆನಪಿಡಬೇಕು.

ಮಾರುತಿ ದೇವಸ್ಥಾನಕ್ಕೆ ಹೆಸರಾದ ಕಲ್ಲೋಳಿಯ ಮಹತ್ವದ ಸಾಕ್ಷಿ ಅಲ್ಲಿಯ ರಟ್ಟರ ಕಾಲದ ಜೈನ ಶಾಸನ. ಸವದತ್ತಿ ಮತ್ತು ಅನಂತರ ವೇಣುಗ್ರಾಮ, ಅಂದರೆ ಇಂದಿನ ಬೆಳಗಾವಿ, ಇವುಗಳಿಂದ ಕೂಂಡಿ ಮೂರುಸಾವಿರ ನಾಡನ್ನು ಆಳಿದವರು ರಟ್ಟರು. ನಾಲ್ವಡಿ ಕಾರ್ತವೀರ್ಯನು ವೇಣುಗ್ರಾಮದಿಂದ ಆಳುತ್ತಿದ್ದಾಗ, ಶಕ 1127ರಲ್ಲಿ, ಇಲ್ಲಿಯ ಶಾಂತಿನಾಥ ಬಸದಿಗೆ ನೀಡಿದ ದತ್ತಿಯನ್ನು ಈ ಶಾಸನ ದಾಖಲಿಸುತ್ತದೆ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯೂ ಇದೇ ಅರಸನ ಕಾಲದ್ದು. ಕಲ್ಲೋಳಿಯನ್ನು ಕಂಡ ತಂಡ ಬೆಳಗಾವಿಗೂ ಹೋಗುವುದಾದರೆ, ರಾಜಧಾನಿಯ ಬಸದಿ ಮತ್ತು ಗ್ರಾಮದ ಬಸದಿ ಎರಡನ್ನೂ ಹೋಲಿಸುವ ಅವಕಾಶ ಸಿಗುತ್ತದೆ.

ಶಾಸನದ ಕಾಲವನ್ನು ಲೆಕ್ಕಹಾಕುವುದೇ ಒಂದು ಚಟುವಟಿಕೆಯಾಗಬಹುದು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ ಎಂಬುದು ಶಾಲೆಯ ಸೂತ್ರ. ಅದರಂತೆ 1127 ಎಂಬುದು 1205 ಆಗಬೇಕು. ಆದರೆ ಶಾಸನ ಬರೆದವರು ಕಳೆದುಹೋದ ವರ್ಷವನ್ನು ಎಣಿಸಿದರೋ, ನಡೆಯುತ್ತಿದ್ದ ವರ್ಷವನ್ನೋ ಎಂಬುದರಿಂದ ಒಂದು ವರ್ಷದ ಅಂತರ ಬರುತ್ತದೆ. ವರ್ಷದ ಆರಂಭವೂ ಜನವರಿಯಲ್ಲ, ಯುಗಾದಿ. ಆದ್ದರಿಂದಲೇ ವಿದ್ವಾಂಸರು ಈ ಶಾಸನಕ್ಕೆ 1204–05 ಎಂದು ಕಾಲ ಸೂಚಿಸುತ್ತಾರೆ. ಇಂತಹ ಸಂದರ್ಭದಲ್ಲಿ ಸಂವತ್ಸರದ ಹೆಸರು, ತಿಥಿ, ವಾರಗಳು ನಿರ್ಣಯಕ್ಕೆ ನೆರವಾಗುತ್ತವೆ.

ಕಲ್ಲಿನಲ್ಲಿ ಉಳಿದದ್ದು ಒಂದಾದರೆ ಕಂಠದಲ್ಲಿ ಉಳಿದದ್ದು ಇನ್ನೊಂದು. ಉತ್ತರ ಕರ್ನಾಟಕದ ಜನಪ್ರಿಯ ಬಯಲಾಟ ಶ್ರೀಕೃಷ್ಣ ಪಾರಿಜಾತವನ್ನು ರಂಗಕ್ಕೆ ಅಳವಡಿಸಿ ಬೆಳೆಸಿದ ಕುಲಗೋಡ ತಮ್ಮಣ್ಣನ ಊರು ಈ ಭಾಗದ್ದು. ಕೌಜಲಗಿ ನಿಂಗಮ್ಮ ಆ ರಂಗದಲ್ಲಿ ಹೆಸರು ಮಾಡಿದ ಕಲಾವಿದೆ. ಮೂಡಲಗಿಯ ಶಿವಬೋಧರಂಗ ಮಠವನ್ನು ಸಂದರ್ಶಿಸುವ ತಂಡ, ಸಂಜೆಯ ವೇಳೆ ಸ್ಥಳೀಯ ಮೇಳವೊಂದರಿಂದ ಪಾರಿಜಾತದ ಒಂದು ಸನ್ನಿವೇಶವನ್ನು ಸಂಭಾವನೆ ಕೊಟ್ಟು ಆಡಿಸಿದರೆ ಪ್ರವಾಸಕ್ಕೂ ಕಳೆ, ಕಲಾವಿದರಿಗೂ ಆಸರೆ.

ಸಾಮಗ್ರಿಯ ಸ್ವರೂಪ

ಒಂದು ತಾಣಕ್ಕೆ ಒಂದೇ ಹಾಳೆ ಸಾಕು. ಆ ಹಾಳೆಯಲ್ಲಿ ಐದು ಅಂಶಗಳಿರಲಿ: ತಾಣದ ಹೆಸರು ಮತ್ತು ಶಾಸನಗಳಲ್ಲಿರುವ ಹಳೆಯ ಹೆಸರು, ಅದು ನದಿಯ ನಕ್ಷೆಯಲ್ಲಿ ಇರುವ ಸ್ಥಾನ, ನಿಂತಲ್ಲೇ ಗುರುತಿಸಬಹುದಾದ ಮೂರು ವಿವರಗಳು, ಸ್ಥಳೀಯ ಐತಿಹ್ಯ ಮತ್ತು ಮನೆಗೆ ಒಯ್ಯಬೇಕಾದ ಒಂದು ಪ್ರಶ್ನೆ. ಹಿರಿಯರೂ ಚಲಿಸುವ ಬಸ್ಸಿನಲ್ಲಿ ಓದಬಲ್ಲಷ್ಟು ಅಕ್ಷರದ ಗಾತ್ರ ದೊಡ್ಡದಿರಲಿ. ಗಡಿಭಾಗವಾದ್ದರಿಂದ ಮರಾಠಿ ಮಾತನಾಡುವ ಸಹಪ್ರವಾಸಿಗರಿಗೂ ಒಂದು ಪ್ರತಿ ಸಿದ್ಧವಿದ್ದರೆ ಒಳಿತು.

ಬರೆಯುವಾಗ ಮೂರು ಬಗೆಯ ಮಾತುಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಅತ್ಯಗತ್ಯ. ಶಾಸನ, ದಾಖಲೆಗಳು ಹೇಳುವುದು ಒಂದು. ಜನರು ನಂಬಿ ಬಂದದ್ದು ಎರಡನೆಯದು. ಪ್ರಚಾರಕ್ಕಾಗಿ ಹುಟ್ಟಿಕೊಂಡದ್ದು ಮೂರನೆಯದು. ಪಾಂಡವರ ಮನೆ ಎಂಬ ಹೆಸರು ಎರಡನೆಯ ಬಗೆಯದು, ಅದನ್ನು ಗೇಲಿ ಮಾಡಬೇಕಾಗಿಲ್ಲ. ಜನರು ಅರಿಯದ ಕಲ್ಲಿಗೆ ತಮಗೆ ತಿಳಿದ ಕಥೆಯಿಂದ ಗೌರವ ಕೊಟ್ಟ ಬಗೆ ಅದು, ಆ ಗೌರವದಿಂದಲೇ ಎಷ್ಟೋ ಕಲ್ಲುಗಳು ಉಳಿದಿವೆ.

ಆಧಾರಕ್ಕಾಗಿ 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಬೆಳಗಾವಿ ಗ್ಯಾಜೆಟಿಯರನ್ನೂ ಅನಂತರದ ರಾಜ್ಯ ಗ್ಯಾಜೆಟಿಯರನ್ನೂ ನೋಡಬಹುದು. ರಟ್ಟರ ಶಾಸನಗಳನ್ನು ಮೊದಲಿಗೆ ಓದಿ ಪ್ರಕಟಿಸಿದವರಲ್ಲಿ ಜೆ.ಎಫ್. ಫ್ಲೀಟ್ ಪ್ರಮುಖರು. 1939ರಲ್ಲಿ ಸ್ಥಾಪಿತವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯೂ ಈ ಭಾಗದ ಶಾಸನಗಳ ಅಧ್ಯಯನಕ್ಕೆ ಹೆಸರಾಗಿದೆ. ಜೊತೆಗೆ ಊರಿನ ಪ್ರೌಢಶಾಲೆಯ ಇತಿಹಾಸ ಶಿಕ್ಷಕರನ್ನು, ಗುಡಿಯ ಅರ್ಚಕರನ್ನು, ಗಿರಣಿಯಲ್ಲಿ ದುಡಿದ ಹಿರಿಯರನ್ನು ಮಾತನಾಡಿಸಿ ಹಾಳೆಯನ್ನು ತಿದ್ದಿಸಿಕೊಳ್ಳಬೇಕು. 2019ರ ಆಗಸ್ಟ್‌ನಲ್ಲಿ ಗೋಕಾಕವನ್ನು ನುಗ್ಗಿದ ಪ್ರವಾಹ ಯಾವ ಓಣಿಯಲ್ಲಿ ಎಷ್ಟು ಎತ್ತರಕ್ಕೆ ಏರಿತ್ತು ಎಂಬುದನ್ನು ಯಾವ ಗ್ಯಾಜೆಟಿಯರೂ ಹೇಳದು, ಆ ಓಣಿಯವರೇ ಹೇಳಬೇಕು.

ಹಾಳೆಯನ್ನು ಬಸ್ಸು ಹತ್ತುವ ವೇಳೆ ಹಂಚಿದರೆ ಅದು ಗಾಳಿ ಬೀಸಿಕೊಳ್ಳಲು ಬಳಕೆಯಾಗುತ್ತದೆ. ವಾರ ಮೊದಲೇ ಕೊಟ್ಟು, ಪ್ರತಿಯೊಂದು ತಾಣದ ಹೊಣೆಯನ್ನು ಇಬ್ಬರಿಗೆ ವಹಿಸಬೇಕು. ಆ ಇಬ್ಬರು ಅಲ್ಲಿ ಐದು ನಿಮಿಷ ಮಾತನಾಡಲಿ. ಅನಂತರ ಹತ್ತು ನಿಮಿಷ ಯಾರೂ ಮಾತನಾಡದೆ ನೋಡಲಿ. ಮರಳುವ ದಾರಿಯಲ್ಲಿ ಕೊನೆಯ ಪ್ರಶ್ನೆಗಳ ಚರ್ಚೆ ನಡೆಯಲಿ.

ಎಚ್ಚರಿಕೆಯ ನಾಲ್ಕು ಮಾತು

ಜಲಪಾತದ ಬಂಡೆಗಳು ಮಳೆಗಾಲದಲ್ಲಿ ಜಾರುತ್ತವೆ. ಅಂಚಿಗೆ ಹೋಗಿ ಚಿತ್ರ ತೆಗೆದುಕೊಳ್ಳುವುದು ಪ್ರಾಣಾಪಾಯಕರ. ತೂಗುಸೇತುವೆಗೆ ಪ್ರವೇಶವಿದೆಯೇ, ಜಲಾಶಯದ ಆವರಣಕ್ಕೆ ಅನುಮತಿ ಬೇಕೇ ಎಂಬುದನ್ನು ಹೊರಡುವ ಮುನ್ನವೇ ವಿಚಾರಿಸಬೇಕು. ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಶಾಸನದ ಅಕ್ಷರ ಕಾಣುವುದಿಲ್ಲವೆಂದು ಸುಣ್ಣ, ಅರಿಶಿನ, ಸೀಮೆಸುಣ್ಣ ಬಳಿಯಬಾರದು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ. ಗುಡಿಯೊಳಗೆ ಟಾರ್ಚನ್ನು ಪಕ್ಕದಿಂದ ಹಿಡಿದರೂ ಅದೇ ಫಲ. ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯಂತೆ ಇವುಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆಯಿದೆ. ಕೊಣ್ಣೂರಿನಂತಹ ಊರುಗಳಲ್ಲಿ ಬಯಲಲ್ಲಿ ನಿಂತ ಕಲ್ಲುಗಳಿಗೆ ಕಾಯ್ದೆಗಿಂತ ಹತ್ತಿರದ ಕಾವಲುಗಾರರೆಂದರೆ ಸುತ್ತಲಿನ ಜನ ಮತ್ತು ನೋಡಲು ಬಂದವರು.

ಪ್ರವಾಸ ಮುಗಿದ ಬಳಿಕ ತಪ್ಪೆಂದು ಕಂಡದ್ದನ್ನು ತಿದ್ದಿ, ಹೊಸದಾಗಿ ತಿಳಿದದ್ದನ್ನು ಸೇರಿಸಿ, ಹಾಳೆಯ ಒಂದು ಪ್ರತಿಯನ್ನು ಆಯಾ ಊರಿನ ಶಾಲೆಗೂ ಗ್ರಂಥಾಲಯಕ್ಕೂ ಕೊಟ್ಟುಬರುವ ಪದ್ಧತಿ ಬೆಳೆಯಬೇಕು. ಮುಂದಿನ ಬಸ್ಸು ಬಂದಾಗ ಆ ಊರಿನ ಮಕ್ಕಳೇ ಆ ಹಾಳೆ ಹಿಡಿದು ತಮ್ಮೂರನ್ನು ತೋರಿಸುವಂತಾದರೆ ಪ್ರವಾಸ ಸಾರ್ಥಕ. ಕರದಂಟಿನ ಪೊಟ್ಟಣವನ್ನು ಒಯ್ಯುವುದಂತೂ ಇದ್ದೇ ಇದೆ.